ತಿಂಗಳಿಗೆ ನಲವತ್ತು ಗಂಟೆ

ಮಗಳ ಮೊದಲ ಪೂರ್ತಿ ಸಂಬಳ ಬರುವುದಕ್ಕೆ ಇನ್ನೂ ಹದಿನೆಂಟು ದಿನ ಇರುವಾಗಲೇ ನಾನು ಕೆಲಸ ಬಿಟ್ಟೆ. ಅವಳಿಗೆ ತಿಳಿಸಲಿಲ್ಲ. ಮನೆಗೆ ಬಂದಾಗ ಎದುರಿಗೇ ಹೇಳಿ, ಅವಳ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆಯಿತ್ತು.

ಇಪ್ಪತ್ತೆರಡು ವರ್ಷ ನಾನು ಕಾಲರ್ ಹೊಲಿದವಳು. ನಮ್ಮ ಸಮವಸ್ತ್ರದ ವರ್ಕ್‌ಶಾಪಿನಲ್ಲಿ ಇಡೀ ಅಂಗಿಯನ್ನು ಯಾರೂ ಹೊಲಿಯುವುದಿಲ್ಲ. ಒಬ್ಬಳು ತೋಳು ಕೂಡಿಸಿದರೆ ಇನ್ನೊಬ್ಬಳು ಜೇಬು ಹಚ್ಚುತ್ತಾಳೆ, ಮತ್ತೊಬ್ಬಳು ಗುಂಡಿಗೆ ಕಾಜ ಹಾಕುತ್ತಾಳೆ. ಶಾಲೆ, ಆಸ್ಪತ್ರೆ, ಹೋಟೆಲು, ಕಾವಲಿನವರು, ಯಾರ ಸಮವಸ್ತ್ರವೇ ಆಗಲಿ, ಕುತ್ತಿಗೆ ಮಾತ್ರ ನನ್ನ ಕೈಯಿಂದಲೇ ದಾಟಿ ಹೋಗಬೇಕು. ಕಿಟಕಿ ಪಕ್ಕದ ಮೆಷೀನು ನನ್ನದು. ದಿನಕ್ಕೆ ನೂರಿಪ್ಪತ್ತು ಕಾಲರ್. ಕೂಲಿ ಪೀಸಿಗಿಷ್ಟು ಎಂದು. ಕರೆಂಟು ಹೋದರೂ, ಬಟ್ಟೆ ತಡವಾಗಿ ಬಂದರೂ, ಸೂಜಿ ಮುರಿದರೂ ಆ ಹೊತ್ತಿಗೆ ಯಾರೂ ಏನೂ ಕೊಡುವುದಿಲ್ಲ. ಕೈಕಟ್ಟಿಕೊಂಡು ಕೂತ ಹೊತ್ತು ನಮ್ಮ ಹಣೆಬರಹ, ಹೊಲಿದ ಕಾಲರ್ ಮಾತ್ರ ಲೆಕ್ಕಕ್ಕೆ.

ಮಗಳು ವಿಮಾನ ನಡೆಸುವುದನ್ನು ಕಲಿಯಲು ಸೇರಿದಾಗಿನಿಂದ ಅಲ್ಲಿ ನನ್ನ ಹೆಸರು ಪೈಲಟಮ್ಮ ಎಂದಾಯಿತು. ಇಟ್ಟವಳು ನನ್ನ ಹಿಂದಿನ ಮೆಷೀನಿನ ಕಾಜದವಳು. ಅವಳ ಬಾಯಿಗೆ ಬೀಗವಿಲ್ಲ. ಮಗಳಿಗೆ ಲೈಸೆನ್ಸ್ ಸಿಕ್ಕಿ, ಎರಡು ವರ್ಷ ಕೆಲಸ ಸಿಗದೆ ಮನೆಯಲ್ಲಿ ಕೂತಾಗಲೂ ಅವಳು ಬಿಡಲಿಲ್ಲ. "ಏನ್ ಪೈಲಟಮ್ಮ, ವಿಮಾನ ಇನ್ನೂ ಶೆಡ್ಡಲ್ಲೇ ಇದ್ಯಾ?" ಎಂದು ಕೇಳುವಳು. ನಾನು ಕಾಲರಿನ ತುದಿ ಮಡಚುತ್ತಾ, "ಬಟ್ಟೆ ಬರಬೇಕಲ್ಲ, ಬಂದ್ಮೇಲೆ ಹೊಲಿಯೋದು" ಎನ್ನುತ್ತಿದ್ದೆ.

ಆ ಕಲಿಕೆಗೆ ನನ್ನ ಗಂಡ ಬಿಟ್ಟುಹೋದ ಎರಡು ಕೋಣೆಯ ಮನೆ ಹೋಯಿತು. ಮಾರಿದ ಮೇಲೆ ನಾವಿಬ್ಬರೂ ಅಣ್ಣನ ಮನೆಗೆ ಬಂದೆವು. ಅಡುಗೆಮನೆಯ ಪಕ್ಕದ ಸಾಮಾನಿನ ಕೋಣೆಯನ್ನು ಅತ್ತಿಗೆ ನಮಗೆ ಬಿಟ್ಟುಕೊಟ್ಟರು. ಅಲ್ಲಿದ್ದ ಡಬ್ಬಗಳು, ಮುರಿದ ಫ್ಯಾನು, ಹಳೆಯ ಪೆಟ್ಟಿಗೆ ಎಲ್ಲ ಹಜಾರಕ್ಕೆ ಬಂದವು. ಐದು ವರ್ಷದಿಂದ ಅವು ಹಜಾರದಲ್ಲೇ ಇವೆ. ಮನೆಗೆ ಬಂದವರು ಅದೇನು ಇಷ್ಟೊಂದು ಡಬ್ಬ ಎಂದು ಕೇಳುತ್ತಾರೆ. ಅತ್ತಿಗೆ ಉತ್ತರಿಸುವುದಿಲ್ಲ, ನನ್ನ ಕೋಣೆಯ ಕಡೆ ಒಮ್ಮೆ ನೋಡುತ್ತಾರೆ. ಅತ್ತಿಗೆ ನನಗೆ ಒಂದು ಕೆಟ್ಟ ಮಾತು ಅಂದವರಲ್ಲ. ಆ ನೋಟವೊಂದು ಇಲ್ಲದಿದ್ದರೆ ನಾನು ಇನ್ನೂ ಹತ್ತು ವರ್ಷ ಅಲ್ಲೇ ಇರುತ್ತಿದ್ದೆನೋ ಏನೋ.

ಎಂಟು ತಿಂಗಳ ಹಿಂದೆ ಒಂದು ವಿಮಾನ ಕಂಪನಿ ಮಗಳನ್ನು ತೆಗೆದುಕೊಂಡಿತು. ಆ ಎಂಟು ತಿಂಗಳೂ ತರಬೇತಿ, ಕೈಖರ್ಚಿಗೆ ಮಾತ್ರ ಏನೋ ಒಂದಿಷ್ಟು. ಆಮೇಲೆ ಒಂದು ದಿನ ಫೋನ್ ಮಾಡಿ, "ಅಮ್ಮಾ, ನಾಳೆಯಿಂದ ನಾನು ನಿಜವಾದ ಕೋ-ಪೈಲಟ್. ಸಂಬಳ ಗಂಟೆ ಲೆಕ್ಕದಲ್ಲಿ" ಎಂದಳು. ಗಂಟೆಗೆ ಎಷ್ಟು ಎಂದೂ ಹೇಳಿದಳು. ನಾನು ಫೋನ್ ಹಿಡಿದುಕೊಂಡೇ ಲೆಕ್ಕ ಹಾಕಿದೆ. ಅವಳ ಒಂದು ಗಂಟೆ ಎಂದರೆ ನನ್ನ ಎರಡು ದಿನದ ಕಾಲರ್‌ಗಳು.

ಅಂದು ಸಂಜೆ ಅಣ್ಣನಿಗೆ ಹೇಳಿದೆ. ಅಣ್ಣ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಕೂತಲ್ಲಿಂದ ಎದ್ದು ಒಂದು ಕಾಗದ ತೆಗೆದುಕೊಂಡ. ಅದು ನಾನು ವರ್ಕ್‌ಶಾಪಿನಿಂದ ತಂದಿದ್ದ, ಅಳತೆ ಕತ್ತರಿಸುವ ಕಂದು ಕಾಗದ.

"ದಿನಕ್ಕೆ ಎಂಟು ಗಂಟೆ. ತಿಂಗಳಿಗೆ ಇಪ್ಪತ್ತಾರು ದಿನ. ಎಲ್ಲಾ ಕಡೆ ಅದೇ ತಾನೇ?" ಎಂದು ಬರೆಯುತ್ತಾ ಹೋದ. "ಇನ್ನೂರ ಎಂಟು ಗಂಟೆ. ಗುಣಿಸು." ಗುಣಿಸಿ ಬಂದ ಮೊತ್ತವನ್ನು ಎರಡು ಸಲ ನೋಡಿ ಕನ್ನಡಕ ತೆಗೆದ. "ಲೇ, ನನ್ನ ಎಂಟು ತಿಂಗಳ ಸಂಬಳ ಇವಳಿಗೆ ಒಂದು ತಿಂಗಳಿಗೆ."

"ಇಷ್ಟು ವರ್ಷ ನೀವೂ ಕುರ್ಚಿ ಮೇಲೇ ಕೂತಿದ್ರಿ, ಅವಳೂ ಕುರ್ಚಿ ಮೇಲೇ ಕೂರೋದು" ಎಂದರು ಅತ್ತಿಗೆ. "ಅವಳ ಕುರ್ಚಿ ಮುಂದಕ್ಕೆ ಹೋಗುತ್ತೆ, ಅಷ್ಟೇ ವ್ಯತ್ಯಾಸ."

ಆ ಕಂದು ಕಾಗದವನ್ನು ಮಡಚಿ ಹಾಸಿಗೆಯ ಕೆಳಗೆ ಇಟ್ಟುಕೊಂಡೆ. ಮಾರನೆಯ ವಾರ, ಬೀದಿಯ ಕೊನೆಯಲ್ಲಿ ಇಸ್ತ್ರಿ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ ಒಂದು ಮನೆ ನೋಡಿ ಬಂದೆ. ಎರಡು ಕೋಣೆ, ಬೆಳಕು ಬರುವ ಅಡುಗೆಮನೆ. ಒಡತಿ ಬೀಗದ ಕೈ ನನ್ನ ಕೈಗೇ ಕೊಟ್ಟು, "ನೀವೇ ತೆಗೆದು ನೋಡಿ ಬನ್ನಿ, ನನಗೆ ಮೆಟ್ಟಿಲು ಹತ್ತೋಕಾಗಲ್ಲ" ಎಂದಿದ್ದಳು. ಬಾಗಿಲು ತೆಗೆದು ಒಳಗೆ ಹೋಗಿ, ಮತ್ತೆ ಹಾಕಿಕೊಂಡು, ಖಾಲಿ ನೆಲದ ಮೇಲೆ ಸುಮ್ಮನೆ ಕೂತೆ. ಹಸಿವೂ ಆಗಲಿಲ್ಲ, ಹೊತ್ತು ಹೋದದ್ದೂ ತಿಳಿಯಲಿಲ್ಲ. ಐದನೇ ತಾರೀಖಿನವರೆಗೆ ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಒಡತಿ ಒಪ್ಪಿದಳು.

ನಾವು ಹೋಗುವ ಸುದ್ದಿ ಕೇಳಿದ ದಿನ ಅತ್ತಿಗೆ ಒಂದು ಬಟ್ಟೆ ಹಿಡಿದುಕೊಂಡು ಬಂದರು. ತಿಳಿ ನೀಲಿ, ಸಣ್ಣ ಬಿಳಿ ಹೂವು.

"ಈ ಕೋಣೆ ಕಿಟಕಿಗೆ ಒಂದು ಪರದೆ ಹೊಲಿದುಕೊಡ್ತೀಯಾ? ಹೋಗೋಕೆ ಮುಂಚೆ?"

"ಸಾಮಾನಿನ ಕೋಣೆಗೆ ಪರದೆ ಯಾಕೆ ಅತ್ತಿಗೆ?"

"ಸಾಮಾನು ಹಜಾರದಲ್ಲೇ ಇರಲಿ. ಇಲ್ಲಿ ನಾನು ಮಲಗ್ತೀನಿ." ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ನಿಮ್ಮಣ್ಣನ ಗೊರಕೆ ನಿನಗೆ ಗೋಡೆಯಾಚೆ ಕೇಳುತ್ತಲ್ಲ, ನನಗೆ ಕಿವಿಯೊಳಗೆ ಕೇಳುತ್ತೆ. ಅದು ನಿಂತರೆ ಟೀವಿ. ಮೂವತ್ತು ವರ್ಷ ಆಯ್ತು, ನನ್ನದು ಅಂತ ಒಂದು ಬಾಗಿಲು ಹಾಕ್ಕೊಂಡು ಕೂತು."

ನಾನು ಟೇಪು ಹಿಡಿದು ಕಿಟಕಿಯ ಅಳತೆ ತೆಗೆದುಕೊಂಡೆ. ಐದು ವರ್ಷ ನಾನು ಅವರ ಡಬ್ಬಗಳ ಜಾಗದಲ್ಲಿ ಮಲಗಿದ್ದೇನೆ ಎಂದುಕೊಂಡಿದ್ದೆ. ಅವರದೇ ಜಾಗದಲ್ಲಿ ಮಲಗಿದ್ದೆ ಎಂದು ಅಂದು ಗೊತ್ತಾಯಿತು.

ಅದಾದ ಎರಡನೇ ದಿನ, ಬಟ್ಟೆ ಕತ್ತರಿಸಿ ನಮಗೆ ಕೆಲಸ ಹಂಚುವ ಕಟಿಂಗ್ ಮಾಸ್ಟರಿಗೆ ಕೆಲಸ ಬಿಡುವ ವಿಷಯ ಹೇಳಿದೆ. ಹೊಸ ಮನೆ ಹಿಡಿದ ಮೇಲೆ ಬಿಡಬಹುದಿತ್ತು. ಸಂಬಳ ಕಣ್ಣಾರೆ ನೋಡಿದ ಮೇಲೆ ಬಿಡಬಹುದಿತ್ತು. ಆದರೆ ಆ ಕಂದು ಕಾಗದ ಹಾಸಿಗೆಯ ಕೆಳಗೆ ಬಂದಾಗಿನಿಂದ ಕಾಲರಿನ ತುದಿ ತಿರುಗಿಸುವಾಗ ಬೆರಳು ನೋಯುತ್ತಿತ್ತು. ಅಷ್ಟು ವರ್ಷ ನೋಯದ ಬೆರಳು. ಮಾಸ್ಟರ್ ನನಗಿಂತ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಾನೆ. "ಹೋಗಿ ಬಾ ಅಕ್ಕ. ಮೇಲಿಂದ ನೋಡಿದ್ರೆ ನಮ್ಮ ತಗಡಿನ ಸೂರು ಕಾಣುತ್ತಾ ಅಂತ ಮಗಳನ್ನ ಕೇಳು. ಸೋರೋ ಜಾಗ ಎಲ್ಲಿದೆ ಅಂತ ಹೇಳಿದ್ರೆ ಉಪಕಾರ ಆಗುತ್ತೆ" ಎಂದ. ನನ್ನ ಕತ್ತರಿಯನ್ನು ಕಾಜದವಳಿಗೆ ಕೊಟ್ಟೆ. ಹನ್ನೊಂದು ವರ್ಷದಿಂದ ಅವಳು ಅದನ್ನು ಕೇಳುತ್ತಿದ್ದಳು. ಅವಳು ಅಂದು ಮಾತ್ರ ಏನೂ ತಮಾಷೆ ಮಾಡಲಿಲ್ಲ.

ಸಂಬಳ ಬಂದ ಮಾರನೆಯ ದಿನ, ಶನಿವಾರ, ಮಗಳು ಬಂದಳು. ಎರಡು ದಿನ ರಜೆ. ವಿಮಾನ ನಿಲ್ದಾಣದಿಂದ ನೇರ ಬಂದದ್ದರಿಂದ ಸಮವಸ್ತ್ರದಲ್ಲೇ ಇದ್ದಳು. ಬಿಳಿ ಅಂಗಿ, ಭುಜದ ಮೇಲೆ ಪಟ್ಟಿಗಳು. ಅತ್ತಿಗೆ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಪಕ್ಕದ ಮನೆಯವರನ್ನು ಕೂಗಿ ತೋರಿಸಿದರು. ನನಗೆ ಮೊದಲು ಕಂಡದ್ದು ಕಾಲರ್. ಎಡತುದಿ ಬಲತುದಿಗಿಂತ ಒಂದು ನೂಲು ಉದ್ದ.

"ಯಾರೇ ಇದನ್ನ ಹೊಲಿದೋರು?"

"ಯಾರಿಗೆ ಗೊತ್ತಮ್ಮ. ಕಂಪನಿಯವರು ಕೊಟ್ಟಿದ್ದು. ಕೊಟ್ಟಿದ್ದೇನು, ಸಂಬಳದಲ್ಲಿ ಹಿಡ್ಕೊಂಡ್ರು."

ಅದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಊಟಕ್ಕೆ ಕೂತಾಗ ಅಣ್ಣ ಕೇಳಿದ. "ಹೂಂ, ಬಂತಾ?"

"ಬಂತು ಮಾವ."

"ಎಷ್ಟು ಅಂತ ಹೇಳಿದ್ರೆ ನಾವೇನು ಕಿತ್ಕೋತೀವಾ?" ಎಂದರು ಅತ್ತಿಗೆ ನಗುತ್ತಾ.

"ಮೊದಲನೇ ತಿಂಗಳು ಅಲ್ವಾ ಅತ್ತೆ, ಎಲ್ಲಾ ಹಿಂದೆ ಮುಂದೆ ಇರುತ್ತೆ" ಎಂದು ಮಗಳು ತಟ್ಟೆಯ ಕಡೆ ನೋಡಿದಳು. ಚಿಕ್ಕಂದಿನಲ್ಲಿ ಅಂಕಪಟ್ಟಿ ತಂದ ದಿನವೂ ಹೀಗೇ ತಟ್ಟೆ ನೋಡುತ್ತಿದ್ದಳು.

ಊಟವಾದ ಮೇಲೆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಅವಳು ಹಾಸಿಗೆಯ ಮೇಲೆ ಕೂತು ಕಿಟಕಿ ನೋಡಿದಳು. ಕೆಲಸದ ಕೊನೆಯ ದಿನ ವರ್ಕ್‌ಶಾಪಿನಲ್ಲೇ ಹೊಲಿದು ತಂದಿದ್ದ ಪರದೆಯನ್ನು ನೇತುಹಾಕಿ ಆಗಲೇ ನಾಲ್ಕು ದಿನವಾಗಿತ್ತು. ಅತ್ತಿಗೆ ದಿನಕ್ಕೊಮ್ಮೆ ಬಂದು ಅದರ ನೆರಿಗೆ ಸರಿಮಾಡಿ ಹೋಗುತ್ತಿದ್ದರು.

"ಚೆನ್ನಾಗಿದೆ. ನಮಗಾ?"

"ನಿಮ್ಮತ್ತೆಗೆ. ನಾವು ಹೋದ ಮೇಲೆ ಅವರು ಇಲ್ಲಿ ಮಲಗ್ತಾರಂತೆ." ಹಾಸಿಗೆಯ ಕೆಳಗಿನ ಕಂದು ಕಾಗದ ತೆಗೆದು ಅವಳ ತೊಡೆಯ ಮೇಲೆ ಬಿಡಿಸಿಟ್ಟೆ. "ಇಷ್ಟು ಬಂತಾ? ಸ್ವಲ್ಪ ಕಮ್ಮಿ ಇದ್ರೂ ಪರವಾಗಿಲ್ಲ."

ಅವಳು ಓದಿದಳು. ಮೊದಲು ನಕ್ಕಳು. ಆಮೇಲೆ ಬೆರಳನ್ನು ಇನ್ನೂರ ಎಂಟರ ಮೇಲೆ ಇಟ್ಟಳು.

"ಇದು ಯಾರು ಬರೆದಿದ್ದು?"

"ನಿಮ್ಮ ಮಾವ."

"ಅಮ್ಮಾ, ತಿಂಗಳಿಗೆ ಇನ್ನೂರ ಎಂಟು ಗಂಟೆ ಯಾರನ್ನೂ ಹಾರಿಸಲ್ಲ. ಅಷ್ಟು ಹಾರೋದು ಕಾನೂನಿಗೇ ವಿರುದ್ಧ."

"ಮತ್ತೆ ನೀನು ಮುಂಜಾನೆ ಮೂರೂವರೆಗೆ ಏಳ್ತೀಯ, ಸಾಯಂಕಾಲ ಬರ್ತೀಯ. ಅದೆಲ್ಲ ಏನು?"

"ಅದೆಲ್ಲ ಲೆಕ್ಕಕ್ಕಿಲ್ಲ." ಅವಳು ಮೆಲ್ಲಗೆ ಹೇಳುತ್ತಾ ಹೋದಳು. "ವಿಮಾನ ನಿಂತ ಜಾಗದಿಂದ ಕದಲುತ್ತಲ್ಲ, ಬ್ರೇಕ್ ಬಿಟ್ಟಾಗ, ಅಲ್ಲಿಂದ ಗಂಟೆ ಶುರು. ಇಳಿದು, ಜಾಗಕ್ಕೆ ಬಂದು ನಿಂತು ಬ್ರೇಕ್ ಹಾಕಿದ್ರೆ ಮುಗೀತು. ನಡುವೆ ಇಳಿದು ಎರಡು ಗಂಟೆ ಕಾದ್ರೆ ಇಲ್ಲ. ಹವಾಮಾನ ಸರಿಯಿಲ್ಲ ಅಂತ ಕೂತ್ರೆ ಇಲ್ಲ. ಹೊಸಬರು ನಾವು, ತಿಂಗಳಲ್ಲಿ ಅರ್ಧ ದಿನ ಯೂನಿಫಾರಂ ಇಸ್ತ್ರಿ ಮಾಡಿಟ್ಟು ರೂಮಲ್ಲಿ ಕಾಯ್ತಾ ಇರ್ತೀವಿ. ಯಾರಿಗಾದ್ರೂ ಹುಷಾರು ತಪ್ಪಿದ್ರೆ ನಮ್ಮನ್ನ ಕರೀತಾರೆ. ಕರೀದಿದ್ರೆ ಆ ದಿನಕ್ಕೂ ಇಲ್ಲ. ನಾನು ಈ ತಿಂಗಳು ಹಾರಿದ್ದು ಮೂವತ್ತೊಂದು ಗಂಟೆ."

"ಮೂವತ್ತೊಂದು."

"ನಲವತ್ತಕ್ಕಿಂತ ಕಮ್ಮಿಯಾದ್ರೆ ನಲವತ್ತು ಅಂತ ಹಿಡಿದು ಕೊಡ್ತಾರೆ. ಅಷ್ಟು ಗ್ಯಾರಂಟಿ ಇದೆ."

ನಲವತ್ತು ಗಂಟೆ. ನನ್ನ ಎಂಬತ್ತು ದಿನದ ಕೂಲಿ. ಪರವಾಗಿಲ್ಲ ಎಂದುಕೊಳ್ಳುವಷ್ಟರಲ್ಲಿ ಅವಳು ಮುಂದುವರಿಸಿದಳು. ಕಂಪನಿಯ ವಿಮಾನದ ಮೇಲೆ ಎಂಟು ತಿಂಗಳು ಕಲಿಸಿದ ಖರ್ಚನ್ನು ಕಂಪನಿ ಮೂರು ವರ್ಷ ಸಂಬಳದಲ್ಲಿ ಮುರಿದುಕೊಳ್ಳುತ್ತದೆ. ಅರ್ಧ ಅಲ್ಲೇ ಹೋಗುತ್ತದೆ. ಅಷ್ಟರವರೆಗೆ ಕೆಲಸ ಬಿಡುವಂತೆಯೂ ಇಲ್ಲ. ಉಳಿದ ನಲವತ್ತು ದಿನದ ಕೂಲಿಯಲ್ಲಿ ಇಪ್ಪತ್ತು ದಿನದ್ದು ನಿಲ್ದಾಣದ ಹತ್ತಿರದ ರೂಮಿಗೆ, ಊಟಕ್ಕೆ, ಓಡಾಟಕ್ಕೆ. ಆ ರೂಮಿನಲ್ಲಿ ನಾಲ್ಕು ಜನ ಹುಡುಗಿಯರು, ಹಾಸಿಗೆ ಮೂರು. ಯಾರಾದರೊಬ್ಬರು ಹಾರುತ್ತಿರುತ್ತಾರೆ ಎಂಬ ನಂಬಿಕೆಯ ಮೇಲೆ ಬಾಡಿಗೆಗೆ ಹಿಡಿದದ್ದು.

"ಎಲ್ಲರೂ ಇದ್ರೆ?"

"ಒಬ್ಬಳು ನೆಲದ ಮೇಲೆ. ಅವಳು ಕ್ಯಾಪ್ಟನ್." ಅವಳು ನಗಿಸಲು ನೋಡಿದಳು. ನನಗೆ ನಗು ಬರಲಿಲ್ಲ.

ನನಗೆ ಸಿಟ್ಟು ಬಂದದ್ದು ಕಂಪನಿಯ ಮೇಲಲ್ಲ. ಕಂಪನಿಯನ್ನು ನಾನು ನೋಡಿಲ್ಲ. ಸಿಟ್ಟು ಬಂದದ್ದು ಎದುರಿಗೆ ಕೂತ ಮಗಳ ಮೇಲೆ. "ಗಂಟೆಗೆ ಇಷ್ಟು ಅಂತ ಹೇಳಿದವಳು ಇದನ್ನೂ ಯಾಕೆ ಹೇಳಲಿಲ್ಲ?"

"ಹೇಳಬೇಕು ಅಂತಲೇ ಫೋನ್ ಮಾಡಿದ್ದೆ. ಎರಡು ವರ್ಷ ನಾನು ಸುಮ್ಮನೆ ಕೂತಾಗ ಬಂದೋರು ಹೋದೋರಿಗೆಲ್ಲ ನೀನೇ ಉತ್ತರ ಹೇಳ್ತಿದ್ದೆ. ಒಂದು ಸಲ ನಿನ್ನ ಕೈಗೆ ಒಂದು ದೊಡ್ಡ ಅಂಕಿ ಕೊಡಬೇಕು ಅನ್ನಿಸ್ತು. ಆಮೇಲೆ ನೀನು ಫೋನಲ್ಲೇ ಮನೆ ವಿಷಯ ತೆಗೆದೆ. ನಿನ್ನ ದನಿ ಬೇರೇನೇ ಇತ್ತು. ಬಾಯಿ ಬರಲಿಲ್ಲ."

ನಾನು ಕಾಗದ ನೋಡುತ್ತಾ ಕೂತೆ. ಅಣ್ಣ ಗುಣಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವನಿಗೆ ಕೂತ ಹೊತ್ತಿಗೆಲ್ಲ ಸಂಬಳ ಬರುತ್ತದೆ. ಫೈಲು ಬರಲಿ ಬಿಡಲಿ, ಫ್ಯಾನು ತಿರುಗುತ್ತಿದ್ದರೆ ಸಾಕು. ಅವನು ಬೇರೆ ರೀತಿ ಯೋಚಿಸಲು ಕಾರಣವಿಲ್ಲ. ಆದರೆ ನನಗೆ? ಇಪ್ಪತ್ತೆರಡು ವರ್ಷ ಕರೆಂಟು ಹೋದ ಹೊತ್ತನ್ನು ಕಿಟಕಿಯಾಚೆ ನೋಡಿ ಕಳೆದವಳಿಗೆ, ಬಟ್ಟೆ ಬಾರದ ದಿನ ಬರಿಗೈಯಲ್ಲಿ ಮನೆಗೆ ನಡೆದವಳಿಗೆ, ಇದು ಹೊಳೆಯಬೇಕಿತ್ತು. ಮೇಲೆ ಹೋದವರಿಗೆ ಲೆಕ್ಕ ಬೇರೆ ಇರುತ್ತದೆ ಎಂದು ನಾನು ನಂಬಿದ್ದೆ. ಮಗಳನ್ನು ಅಷ್ಟು ಎತ್ತರಕ್ಕೆ ಕಳಿಸಿದ್ದೇ ಆ ನಂಬಿಕೆಯಿಂದ. ಅಲ್ಲಿಯೂ ಪೀಸಿಗಿಷ್ಟೇ. ಅವಳದು ಕಾಲರಲ್ಲ, ಗಂಟೆ.

"ಅಂದುಬಿಡು ಅಮ್ಮ" ಎಂದಳು ಮಗಳು.

"ಏನು?"

"ಮನೆ ಮಾರಬಾರದಿತ್ತು ಅಂತ."

ಅದೇ ಮಾತು ನನ್ನ ಗಂಟಲಲ್ಲಿತ್ತು. ಅವಳು ಅದನ್ನು ನೋಡಿಬಿಟ್ಟಿದ್ದಳು. "ಪ್ರಯಾಣ ಮಾಡಿ ಬಂದಿದೀಯ, ಸ್ವಲ್ಪ ಮಲಗು" ಎಂದೆ.

ಅವಳು ಮಲಗಲಿಲ್ಲ. ಕಾಗದವನ್ನು ತಿರುಗಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಏನೋ ಬರೆಯತೊಡಗಿದಳು. ಮುಖ ತುಸು ತಿಳಿಯಾಯಿತು.

"ಅಮ್ಮಾ, ಇಲ್ಲಿ ನೋಡು. ನನ್ನ ಹತ್ತಿರ ನಿನ್ನ ಇಪ್ಪತ್ತು ದಿನದಷ್ಟು ಉಳಿಯುತ್ತೆ. ಪೂರ್ತಿ ನಿನಗೇ ಕಳಿಸ್ತೀನಿ. ಆ ಮೂರನೇ ಮಹಡಿ ಮನೆ ಬಾಡಿಗೆ ಎಷ್ಟು ಅಂದಿದ್ದೆ? ಸರಿ, ಅದು ನಿನ್ನ ಇಪ್ಪತ್ತೆರಡು ದಿನ. ನಂದೂ ನಿಂದೂ ಸೇರಿಸಿದ್ರೆ ಆಗುತ್ತೆ. ಬಿಗಿ ಆಗುತ್ತೆ, ಆದ್ರೆ ಆಗುತ್ತೆ. ನೀನು ಹೇಗೂ ಕೆಲಸದಲ್ಲಿದೀಯಲ್ಲ."

ಹೊರಗೆ ಅತ್ತಿಗೆ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು.

"ಯಾಕೆ ಸುಮ್ಮನಿದೀಯ? ಕೆಲಸ ಬಿಟ್ಟಿಲ್ಲ ತಾನೇ?"

"ಬಿಡ್ತಾರಾ ಯಾರಾದ್ರೂ" ಎಂದೆ. "ನೀನು ಬರ್ತೀಯ ಅಂತ ಇವತ್ತು ರಜೆ ಹಾಕಿದೀನಿ."

ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಒಂದು ನಿಮಿಷದಲ್ಲಿ ನಿದ್ದೆ ಬಂತು. ನಾನು ಅವಳ ಕಾಲರಿನ ಉದ್ದ ತುದಿಯನ್ನು ಬೆರಳಿನಲ್ಲಿ ಒಳಕ್ಕೆ ಒತ್ತುತ್ತಾ ಕೂತಿದ್ದೆ. ಬಿಚ್ಚಿ ಹೊಲಿದರೆ ಕಾಲು ಗಂಟೆಯ ಕೆಲಸ. ಕಾಲು ಗಂಟೆಯ ಕೆಲಸಕ್ಕೂ ಮೆಷೀನು ಬೇಕು.

ಭಾನುವಾರ ಸಂಜೆ ಅವಳು ಹೊರಟಳು. ಸೋಮವಾರ ಬೆಳಗ್ಗೆ ಎಂದಿನ ಹೊತ್ತಿಗೆ ನಾನು ವರ್ಕ್‌ಶಾಪಿಗೆ ಹೋದೆ.

ಕಿಟಕಿ ಪಕ್ಕದ ಮೆಷೀನಿನಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಕೂತಿದ್ದಳು. ನನ್ನನ್ನು ನೋಡಿಯೂ ಪೆಡಲಿನಿಂದ ಕಾಲು ತೆಗೆಯಲಿಲ್ಲ. ಯಾಕೆ ತೆಗೆಯಬೇಕು? ತೆಗೆದರೆ ಅವಳಿಗೆ ನಷ್ಟ. ನಾನೂ ಎಂದೂ ತೆಗೆದವಳಲ್ಲ.

ಮಾಸ್ಟರ್ ಕತ್ತರಿಸುವ ಮೇಜಿನಿಂದ ತಲೆಯೆತ್ತಿದ. ನನ್ನ ಕೈಯಲ್ಲಿದ್ದ ಊಟದ ಡಬ್ಬಿ ನೋಡಿ ಅವನಿಗೆ ಎಲ್ಲ ಅರ್ಥವಾಯಿತು. ತಮಾಷೆ ಮಾಡಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ಕಾಲರ್ ಮೆಷೀನ್ ಒಂದು ದಿನವೂ ಖಾಲಿ ಬಿಡೋಕಾಗಲ್ಲ ಅಕ್ಕ, ನಿಂಗೆ ಗೊತ್ತಲ್ಲ. ಮಾರನೇ ದಿನವೇ ಕೂರಿಸ್ಬೇಕಾಯ್ತು. ಹುಡುಗಿ ದಿನಕ್ಕೆ ನೂರ ಐವತ್ತು ಹೊಲೀತಾಳೆ."

"ತುದಿ ಸರಿಯಾಗಿ ಬರುತ್ತಾ?"

"ನಿನ್ನಷ್ಟು ಇಲ್ಲ. ಯಾರು ನೋಡ್ತಾರೆ ಈಗ." ಅವನು ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯನ್ನು ಕೈಯಲ್ಲಿ ತಿರುಗಿಸಿದ. "ಗುಂಡಿ ಹಚ್ಚೋ ಕಡೆ ಜಾಗ ಇದೆ. ರೇಟು ಅರ್ಧವೇ. ಬಾಗಿಲ ಹತ್ತಿರ ಕೂರ್ಬೇಕು, ಧೂಳು ಬರುತ್ತೆ."

ಕಾಲರ್ ಕೂಲಿಯ ಅರ್ಧಕ್ಕೆ ಮಗಳು ಕಳಿಸುವುದನ್ನು ಸೇರಿಸಿದರೆ ಆ ಮನೆಯ ಬಾಡಿಗೆ ಕೊಡಬಹುದು. ಆಮೇಲೆ ಅದರೊಳಗೆ ಏನು ತಿನ್ನುವುದು? ಅಲ್ಲಿ ನಿಂತಲ್ಲೇ ಲೆಕ್ಕ ಮುಗಿಯಿತು. ಕಾಗದ ಬೇಕಾಗಲಿಲ್ಲ. ನಾನು ಕೆಲಸ ಬಿಡದೆ ಕೂತಿದ್ದರೆ ಐದನೇ ತಾರೀಖು ಆ ಬೀಗದ ಕೈ ನನ್ನದಾಗುತ್ತಿತ್ತು. ಮಗಳ ಸಂಬಳ ಕಡಿಮೆ ಎಂದು ಹೋಗಲಿಲ್ಲ ಆ ಮನೆ. ಅದು ಹೆಚ್ಚು ಎಂದು ನಾನು ನಂಬಿದ್ದರಿಂದ ಹೋಯಿತು.

ಬಾಗಿಲ ಹತ್ತಿರ ಕೂತೆ. ಬಿಳಿ ಅಂಗಿಗಳ ರಾಶಿ ಬಂತು. ಸ್ವಲ್ಪ ಹೊತ್ತಿನಲ್ಲಿ ಕಾಜದವಳು ಎದ್ದು ಬಂದಳು.

"ಏನ್ ಪೈಲಟಮ್ಮ, ಇಷ್ಟು ಬೇಗ ಇಳಿದ್ಬಿಟ್ರಾ?"

"ಹೂಂ. ಜಾಗಕ್ಕೆ ಬಂದು ನಿಂತ್ರೆ ಮುಗೀತು."

ಅವಳಿಗೆ ಅದು ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು. ಸೆರಗಿನ ಮರೆಯಿಂದ ನನ್ನ ಕತ್ತರಿ ತೆಗೆದು ಅಂಗಿಗಳ ಪಕ್ಕ ಇಟ್ಟು ತನ್ನ ಮೆಷೀನಿಗೆ ಹೋದಳು.

ಸಂಜೆ ಬರುವಾಗ ದಾರಿಯಲ್ಲೇ ಇಸ್ತ್ರಿ ಅಂಗಡಿ ಮೇಲಿನ ಮನೆಯ ಒಡತಿಯನ್ನು ಕಂಡು ಮನೆ ಬೇಡವೆಂದು ಹೇಳಿದೆ. "ಅಯ್ಯೋ, ಮಗಳಿಗೆ ಅಷ್ಟು ಸಂಬಳ ಬರುತ್ತೆ, ಇದು ಚಿಕ್ಕದಾಯ್ತಾ?" ಎಂದಳು. ಹೌದೆಂದು ತಲೆಯಾಡಿಸಿದೆ.

ಮನೆಗೆ ಬಂದಾಗ ಅತ್ತಿಗೆ ನನ್ನ ಕೋಣೆಯಲ್ಲಿದ್ದರು. ಪರದೆಯ ನೆರಿಗೆ ಸರಿಮಾಡುತ್ತಿದ್ದರು. ನನ್ನ ಕೈಯಲ್ಲಿನ ಊಟದ ಡಬ್ಬಿ, ಸೀರೆಗೆ ಅಂಟಿದ್ದ ಬಿಳಿ ನೂಲು ಎರಡನ್ನೂ ನೋಡಿದರು.

"ಕೆಲಸಕ್ಕೆ ಹೋಗಿದ್ಯಾ?"

"ಹೂಂ ಅತ್ತಿಗೆ."

"ಎಷ್ಟು ದಿನ?"

"ಅವಳ ಸಂಬಳದಲ್ಲಿ ಮೂರು ವರ್ಷ ಮುರ್ಕೋತಾರಂತೆ."

ಹಜಾರದಲ್ಲಿ ಅಣ್ಣ ಟೀವಿ ಹಾಕಿದ. ಅತ್ತಿಗೆ ಸ್ಟೂಲು ಎಳೆದುಕೊಂಡು ಹತ್ತಿ, ಸರಳಿನಿಂದ ಪರದೆಯನ್ನು ಬಿಚ್ಚತೊಡಗಿದರು. ನಾನು ಕೆಳಗಿನ ತುದಿ ಹಿಡಿದುಕೊಂಡೆ. ಇಬ್ಬರೂ ಎದುರುಬದುರು ನಿಂತು ಅದನ್ನು ಎರಡು ಮಡಿಕೆ, ನಾಲ್ಕು ಮಡಿಕೆ ಮಾಡಿದೆವು.

"ಬಣ್ಣ ಹೋಗುತ್ತಾ ಇದರದ್ದು, ಮೂರು ವರ್ಷಕ್ಕೆ?" ಎಂದು ಕೇಳಿದರು.

"ಬಿಸಿಲು ಬೀಳದ ಕಡೆ ಇಟ್ರೆ ಹೋಗಲ್ಲ."

ಅವರು ಅದನ್ನು ಎದೆಗೊತ್ತಿಕೊಂಡು ಹಜಾರಕ್ಕೆ ಹೋಗಿ, ಡಬ್ಬಗಳ ಹಿಂದಿದ್ದ ಹಳೆಯ ಪೆಟ್ಟಿಗೆಯ ಮುಚ್ಚಳ ತೆಗೆದರು.